ಮೂರು ಕೈಯ ಫೋಟೋ

ಅವಳ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ಕೈಯಲ್ಲಿ ಕ್ಯಾಮೆರಾ ಇಲ್ಲದಾಗಲೂ ಅಷ್ಟೇ. ಮುದ್ದೆ ಮುರಿಯುವಾಗ, ನಲ್ಲಿ ಹತ್ತಿರ ಕೊಡ ಹಿಡಿದು ನಿಂತಾಗ, ಬಲಗಣ್ಣಲ್ಲೇ ಲೋಕ ಅಳೆಯುತ್ತಿದ್ದಳು. ಕಣ್ಣಿಗೆ ಏನೋ ಆಗಿದೆ ಅಂತ ನಾನು ಹರಳೆಣ್ಣೆ ಕೊಟ್ಟೆ. ಅವಳು ಅದನ್ನು ಕ್ಯಾಮೆರಾ ನಿಲ್ಲಿಸುವ ಸ್ಟ್ಯಾಂಡಿನ ಕೀಲಿಗೆ ಹಚ್ಚಿದಳು.

ಕೊಪ್ಪಳದ ಕಡೆಯ ಹುಡುಗಿ. ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ, ನಮ್ಮ ಮೇಲಿನ ರೂಮಿನಲ್ಲಿ ವಾಸ. ನಾವು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ರೂಮುಗಳೇ ಬೆಳೆಯುತ್ತವೆ. ಭಾನುವಾರ ಬಂದರೆ ಫೋಟೋ ತೆಗೆಯುವುದು ಕಲಿಯುತ್ತಿದ್ದಳು. ಆಗ ಅವಳಿಗೆ ಎಚ್‌ಡಿಆರ್ ಅನ್ನುವ ಹುಚ್ಚು ಹಿಡಿದಿತ್ತು.

"ಒಂದ ಜಾಗ ಮೂರ ಸಲ ತಗೀಬೇಕ್ರಿ ಅಜ್ಜಿ. ಒಂದು ಕಪ್ಪಗ, ಒಂದು ಬೆಳ್ಳಗ, ಒಂದು ನಡುವ. ಆಮ್ಯಾಲ ಕಂಪ್ಯೂಟರ್‌ನ್ಯಾಗ ಮೂರೂ ಕೂಡಸೂದು. ನೆಳ್ಳಾಗಿಂದೂ ಕಾಣ್ತೈತಿ, ಬಿಸಲಾಗಿಂದೂ ಕಾಣ್ತೈತಿ."

"ಅದು ನನ್ ಕಣ್ಗೆ ಈಗ್ಲೇ ಕಾಣ್ತದಲ್ಲವ್ವ."

"ಕ್ಯಾಮೆರಾಕ್ಕ ನಿಮ್ಮಷ್ಟು ಶಾಣ್ಯಾತನ ಇಲ್ರಿ."

ಶುರುವಿನಲ್ಲಿ ಅವಳು ಮಾಡಿದ್ದು ನೋಡಬೇಕಿತ್ತು. ಆಕಾಶ ಬಟ್ಟೆಗೆ ಹಾಕುವ ನೀಲಿಯ ಬಕೆಟ್ಟಿನ ಹಾಗೆ. ತುಳಸಿಕಟ್ಟೆ ಹೊತ್ತಿ ಉರಿಯುವ ಹಾಗೆ. ಎದುರು ಮನೆ ಹಸು ಬಾಲ ಬೀಸಿತ್ತು, ಅದಕ್ಕೆ ಮೂರು ಬಾಲ ಬಂದಿತ್ತು. ಮೂರು ಸಲ ತೆಗೆಯುವಷ್ಟು ಹೊತ್ತು ಏನೂ ಅಲುಗಬಾರದಂತೆ. ಈ ಬೀದಿಯಲ್ಲಿ ಅಲುಗದೆ ಇರುವವಳು ನಾನೊಬ್ಬಳೇ ಅಂತ ಅವಳು ಕಂಡುಹಿಡಿದಳು. ನಾನು ಬಾಗಿಲಲ್ಲಿ ಕೂತರೆ ಕೂತೇ ಇರುತ್ತೇನೆ.

ನನಗೂ ಒಂದು ಕೆಲಸ ಆಗಬೇಕಿತ್ತು. ನಾನು ಸತ್ತ ಮೇಲೆ ಗೋಡೆಗೆ ಹಾಕಲು ಒಂದು ಫೋಟೋ. ಯಜಮಾನರು ತೀರಿಕೊಂಡಾಗ ಮನೆಯಲ್ಲಿ ಒಂದೂ ಇರಲಿಲ್ಲ. ವೋಟಿನ ಕಾರ್ಡಿನದ್ದನ್ನೇ ದೊಡ್ಡದು ಮಾಡಿಸಿದರು. ಕೋಳಿ ಕದ್ದು ಸಿಕ್ಕಿಬಿದ್ದವರ ಹಾಗೆ ಕಾಣುತ್ತಾರೆ. ಹಬ್ಬ ಬಂದರೆ ಆ ಮುಖಕ್ಕೇ ಹಾರ, ಅದಕ್ಕೇ ಎಡೆ. ನನಗೆ ಆ ಗತಿ ಬೇಡ.

"ನನ್ನಂಗೇ ಇರ್ಬೇಕು, ನೋಡು," ಅಂದೆ.

ಮೊದಲನೆಯದನ್ನು ತಂದು ತೋರಿಸಿದಳು. ಒಂದೊಂದು ಸುಕ್ಕೂ ಎದ್ದು ನಿಂತಿತ್ತು. ಸೊಸೆ ಇಣುಕಿ ನೋಡಿ, "ಕೆರೆ ಬತ್ತಿದಂಗೈತೆ ಅತ್ತೆ," ಅಂದಳು.

"ಎಲ್ಲಾ ಬಂದೈತ್ರಿ, ಒಂದೂ ಬಿಟ್ಟಿಲ್ಲ," ಅಂತ ಹುಡುಗಿ ಹಿಗ್ಗಿದಳು.

"ಉಪ್ಪು, ಹುಳಿ, ಖಾರ ಎಲ್ಲಾನೂ ಮುಂದಾದ್ರೆ ಸಾರು ಯಾರವ್ವ ಉಣ್ತಾರೆ?"

ಎಷ್ಟು ಬೈದರೂ ಅವಳು ಮುಖ ಊದಿಸಿಕೊಂಡವಳಲ್ಲ. "ಇನ್ನೊಮ್ಮೆ ಕುಂದರ್ರಿ" ಅನ್ನುವುದೇ ಅವಳ ಉತ್ತರ. ಮುಂದಿನದರಲ್ಲಿ ನಾನು ಎಲೆಅಡಿಕೆ ಅಗಿದು ಎರಡು ಬಾಯಿ ಬಂತು. "ಇರೋ ಒಂದೇ ಈ ಮನೆಗೆ ಜಾಸ್ತಿ," ಅಂತ ಸೊಸೆ ಒಳಗಿಂದ ಗೊಣಗಿದ್ದು ನನಗೆ ಕೇಳಿಸಿತು.

ಆಮೇಲೆ ಅವಳು ಕೆಲಸ ಬಿಟ್ಟು, ತನ್ನ ಊರಲ್ಲೇ ಸ್ಟುಡಿಯೋ ಇಡುವುದು ಅಂತ ತೀರ್ಮಾನ ಮಾಡಿದಳು. ಹೊರಡುವ ದಿನ ಮಧ್ಯಾಹ್ನ ಕೊನೆಯ ಸಲ ನನ್ನನ್ನು ಬಾಗಿಲಲ್ಲಿ ಕೂರಿಸಿದಳು. ನಾನು ಎಲೆ ಉಗಿದು, ಉಸಿರು ಹಿಡಿದು ಕೂತೆ. ಗಂಟು ಕಟ್ಟುವ ಗಡಿಬಿಡಿಯಲ್ಲಿ ಅವಳು ಬೆಳಗಿನಿಂದ ಏನೂ ತಿಂದಿರಲಿಲ್ಲ. ಒಳಗೆ ಮುದ್ದೆ ಆರುತ್ತಿತ್ತು. ನಾನು ಮುಖ ಅಲುಗಿಸಲಿಲ್ಲ. ಕೈ ಮಾತ್ರ ತಾನಾಗಿ ಎದ್ದು, ಉಣ್ಣು ಬಾ ಅಂತ ಕರೆಯಿತು.

ಉಂಡು ಬಂದು, ಮೂರನ್ನೂ ಕೂಡಿಸಿ ನೋಡಿದಳು. ಆಕಾಶ ಆಕಾಶದ ಹಾಗೇ ಇತ್ತು. ನನ್ನ ಹಿಂದಿನ ಕತ್ತಲಲ್ಲಿ ರುಬ್ಬುವ ಕಲ್ಲೂ ಕಾಣುತ್ತಿತ್ತು. ಮುಖ ನನ್ನದೇ. ಬಲಗೈ ಮಾತ್ರ ಮೂರು.

ಅವಳು ತಲೆ ಮೇಲೆ ಕೈ ಹೊತ್ತಳು. "ಕೆಟ್ಟ ಹೋತ್ರಿ ಅಜ್ಜಿ. ಬಸ್ಸಿಗೂ ಹೊತ್ತಾತು. ಎರಡು ಕೈ ಅಳಸಲೇನ್ರಿ?"

"ಅಳಿಸ್ಬೇಡ. ಇವತ್ತೇ ಕಣವ್ವ ನೀನು ಸರಿಯಾಗಿ ತೆಗ್ದಿರೋದು."

ಬದುಕಿರುವವರ ಫೋಟೋ ಸತ್ತವರ ಪಕ್ಕ ಹಾಕಬಾರದು ಅಂತ ಸೊಸೆಯ ತಕರಾರು. ಅದಕ್ಕೇ ನನ್ನ ಫೋಟೋಗೆ ಕಟ್ಟು ಹಾಕಿಸಿ, ಧಾರೆ ಸೀರೆ ಜೊತೆ ಟ್ರಂಕಿನಲ್ಲಿಟ್ಟಿದ್ದೇನೆ. ಯಜಮಾನರ ಪಕ್ಕ ಮೊಳೆ ಮಾತ್ರ ಹೊಡೆಸಿ ಆಗಿದೆ. ಈ ಮನೆಗೆ ಬಂದವರನ್ನು ನಾನು ಉಣ್ಣಿಸದೆ ಕಳಿಸಿದವಳಲ್ಲ. ಸತ್ತ ಮೇಲೂ ಕಳಿಸುವುದಿಲ್ಲ. ಕರೆಯುವುದಕ್ಕೆ ಆ ಹುಡುಗಿ ಮೂರು ಕೈ ಕೊಟ್ಟು ಹೋಗಿದ್ದಾಳೆ.