ನಾನು ಕೇಳದ ಅರ್ಚನೆ

1994ರಲ್ಲಿ, ಏಳನೇ ಕ್ಲಾಸಿಗೆ, ನಾನು ಓದು ನಿಲ್ಲಿಸಿದೆ. ಅಲ್ಲಿಂದಾಚೆಗೆ ಮನುಷ್ಯರನ್ನು ಅಳೆದದ್ದು ಅವರ ಕೈ ನೋಡಿಯೇ. ಶ್ರೀನಗರದ ನಮ್ಮ ಬೀದಿಯ ಈಶ್ವರನ ಗುಡಿಯಲ್ಲಿ ಪೂಜೆ ಮಾಡುತ್ತಿದ್ದ ಐನೋರ ಬೆರಳ ತುದಿಗಳು ನೆನೆಸಿ ಸಿಪ್ಪೆ ಸುಲಿದ ಬಾದಾಮಿಯಂತಿದ್ದವು. ಅಭಿಷೇಕದ ನೀರಿನಲ್ಲಿ ನೆನೆದು ನೆನೆದು ಬೆಳ್ಳಗೆ, ಸುಕ್ಕುಸುಕ್ಕಾಗಿ. ದುಡಿಯದ ಕೈ ಎಂದು ಮನಸ್ಸಿನಲ್ಲೇ ತಳ್ಳಿಹಾಕಿದ್ದೆ.

ನನ್ನದು ಸುಟ್ಟುಹೋದ ಮೋಟಾರಿಗೆ ಹೊಸ ತಂತಿ ಸುತ್ತಿ ಕಾಯಿಲ್ ಕಟ್ಟುವ ಕೆಲಸ. ಗುಡಿಯ ಪಂಪ್ ಕೆಟ್ಟಾಗ ಹೋಗುತ್ತಿದ್ದೆ, ಕೂಲಿ ಇಸಿದುಕೊಂಡು ಬರುತ್ತಿದ್ದೆ. ಪ್ರಸಾದಕ್ಕೆ ನಿಲ್ಲುತ್ತಿರಲಿಲ್ಲ.

"ತಗೊಳ್ಳಪ್ಪಾ, ಬಿಸಿ ಪೊಂಗಲ್ಲು."

"ದುಡಿದು ತಿಂತೀನಿ, ಐನೋರೇ."

"ಸರಿ, ಹಂಗಾದ್ರೆ ನಿನ್ನ ಪಾಲೂ ನಂದೇ" ಎಂದು ದೊನ್ನೆಯನ್ನು ಅಲ್ಲೇ ಖಾಲಿ ಮಾಡುತ್ತಿದ್ದರು.

ಒಂದು ವರ್ಷ ನನ್ನ ಬಲಗೈ ಮೋಟಾರಿನ ಬೆಲ್ಟಿಗೆ ಸಿಕ್ಕಿತು. ಮೂರು ತಿಂಗಳಾದರೂ ಬೆರಳು ಮಡಿಚಲಾಗಲಿಲ್ಲ. ತಂತಿ ಹಿಡಿಯಲಾರದ ಕೈ ಇಟ್ಟುಕೊಂಡು ನಾನು ಏನು ಮಾಡಲಿ? ಒಂದು ಬೆಳಗಿನ ಜಾವ ಮನೆಯಲ್ಲಿ ಕೂರಲಾಗದೆ ಎದ್ದು ನಡೆದೆ. ಮಂಜಿನಲ್ಲಿ ಬೀದಿಯೇ ತೇಲುತ್ತಿರುವಂತಿತ್ತು. ಗುಡಿಯ ಮುಂದೆ ಹೂವಿನ ಅಕ್ಕ "ಏನಣ್ಣಾ, ಇವತ್ತು ಪಂಪ್ ಕೆಟ್ಟಿಲ್ವಲ್ಲಾ?" ಎಂದು ಕಿಚಾಯಿಸಿದಳು. ಒಳಗೆ ಹೋಗಿ ಕಂಬಕ್ಕೆ ಒರಗಿದೆ. ಲಿಂಗದ ಮೇಲಿಂದ ನೀರು ಇಳಿಯುವ ಸದ್ದು, ಕರ್ಪೂರದ ಹೊಗೆ, ಏರದ ಇಳಿಯದ ಐನೋರ ದನಿ. ಎಚ್ಚರವಾಗಿದ್ದೆನೋ ಇಲ್ಲವೋ, ಆ ದನಿಯೊಳಗಿಂದ ನನ್ನ ಹೆಸರು ಬಂತು. ಹಿಂದೆಯೇ ಹೆಂಡತಿಯ ಹೆಸರು, ಮಗಳ ಹೆಸರು.

ಸಿಟ್ಟು ಬಂತು. ಅವರು ಹೊರಬಂದ ಕೂಡಲೇ ಕೇಳಿದೆ: "ನನ್ನ ಹೆಸರಿಗೆ ಅರ್ಚನೆ ಮಾಡಿ ಅಂತ ಯಾರು ಹೇಳಿದ್ದು? ಕೈ ಹೋಯ್ತು ಅಂತ ಕನಿಕರಾನಾ?"

"ಕೈಗೆ ಪೆಟ್ಟಾಗಿ ಮೂರು ತಿಂಗಳು. ನಾನು ಹೇಳ್ತಿರೋದು ಹನ್ನೊಂದು ವರ್ಷದಿಂದ."

"ಪಂಪ್ ಸರಿ ಮಾಡಿದ್ದಕ್ಕಾ?"

"ಅದಕ್ಕೆ ಕೂಲಿ ಇಸ್ಕೊಂಡ್ಯಲ್ಲಯ್ಯಾ. ಇದಕ್ಕೆ ಕಾರಣ ಇಲ್ಲ. ಒಳಗಿರೋನು ಕಾರಣ ನೋಡ್ಕೊಂಡು ಕೃಪೆ ಮಾಡ್ತಾನಾ, ನಾನು ನೋಡೋಕೆ?"

"ನನಗೆ ಗೋತ್ರ ಗೊತ್ತಿಲ್ಲ, ನಕ್ಷತ್ರ ಗೊತ್ತಿಲ್ಲ. ಏನಂತ ಹೇಳ್ತಿದ್ರಿ?"

"ನಂದೇ ಹಾಕ್ಬಿಟ್ಟಿದ್ದೆ" ಎಂದು ನಕ್ಕರು. "ಒಬ್ಬನಿಗೇ ಎಷ್ಟು ಬೇಕು?"

ಹನ್ನೊಂದು ವರ್ಷ ನಾನು ಅಂಗಡಿ ಹಾಕಿದ್ದು, ಮನೆ ಮಾಡಿದ್ದು ಎಲ್ಲವನ್ನೂ ಒಬ್ಬನೇ ಮಾಡಿದೆನೆಂದು ತಿಳಿದಿದ್ದೆ. ಅವರು ದೊನ್ನೆ ಕೊಟ್ಟರು. ಮಡಿಚದ ಬೆರಳುಗಳಲ್ಲೇ ಬಾಚಿ ತಿಂದೆ; ಅರ್ಧ ನೆಲಕ್ಕೆ ಚೆಲ್ಲಿತು. "ಇರ್ಲಿ ಬಿಡು, ಇರುವೆಗಾಯ್ತು" ಅಂದರು.

ಪವಾಡವಾಯಿತೆಂದು ಹೇಳಲಾರೆ. ವರ್ಷವಿಡೀ ರಬ್ಬರ್ ಚೆಂಡು ಹಿಸುಕಿ, ನೋವಿಗೆ ಅತ್ತು, ಬಲಗೈಯ ಮೂರು ಬೆರಳು ವಾಪಸ್ಸು ಪಡೆದೆ. ಆದರೆ ಹಿಸುಕುವಾಗ ಒಬ್ಬನೇ ಇದ್ದೇನೆ ಎಂದು ಮತ್ತೆ ಅನ್ನಿಸಲಿಲ್ಲ.

ಕಳೆದ ಕಾರ್ತಿಕದಲ್ಲಿ ಐನೋರು ತೀರಿಕೊಂಡರು. ಅವರ ಜಾಗಕ್ಕೆ ಬಂದವರು ಗೋತ್ರ, ನಕ್ಷತ್ರ ಕೇಳಿದಾಗ ಐನೋರದ್ದನ್ನೇ ಹೇಳಿದೆ. ನಾಲಿಗೆ ತಡವರಿಸಲಿಲ್ಲ.

ಈಗ ನನಗಿರುವುದು ಒಂದು ಅಂಗಡಿ, ಇಬ್ಬರು ಕೆಲಸಗಾರರು, ಹೆಂಡತಿ, ಒಬ್ಬಳು ಮಗಳು, ಮಡಿಚುವ ಎಂಟು ಬೆರಳು.