ಮಂಜೀರಾ ದಾಟುವ ಜಾಗ

ಹೈದರಾಬಾದಿಗೆ ಬಂದು ಮೂರು ತಿಂಗಳಾಗಿತ್ತು, ಕನ್ನಡದಲ್ಲಿ ಮಾತಾಡಿಸುವವರು ಒಬ್ಬರೂ ಸಿಕ್ಕಿರಲಿಲ್ಲ. ಆಂಧ್ರದ ಶಾಲಾ ಪುಸ್ತಕಗಳಿಗೆ ನಕಾಶೆ ಬರೆಯುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಇರಾನಿ ಹೋಟೆಲಿನಲ್ಲಿ ಶಾತವಾಹನರ ಕಾಲದ ವ್ಯಾಪಾರದ ದಾರಿಗಳನ್ನು ಹರಡಿಕೊಂಡು ಕೂತಿದ್ದೆ. ಅಂಚಿನಲ್ಲಿ ನಾನು ಗೀಚಿದ್ದ ಕನ್ನಡ ನೋಡಿ ಎದುರಿನ ಮುದುಕರು ಬಾಗಿದರು.

“ಗೆರಿ ಭಾಳ ನೆಟ್ಟಗ ಎಳದೀರಿ. ಇಲ್ಲಿ ಮಂಜೀರಾ ಹೊಳ್ಯಾಗ ಎತ್ತು ಇಳಿಯಂಗಿಲ್ಲರಿ.”

ಬೀದರದವರು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಎತ್ತಿನ ಮೇಲೆ ಅರಳೆ ಹೇರಿಕೊಂಡು ತಿರುಗಿದವರಂತೆ. ನನ್ನ ಗೆರೆಯಿಂದ ಸ್ವಲ್ಪ ಆಚೆ, ನದಿಯ ಮೇಲೆ ಬೆರಳಿಟ್ಟರು.

“ನೀರು ಮೊಳಕಾಲಮಟ ಇರೋದು ಇಲ್ಲಿ. ದಾಟಬೇಕಂದ್ರ ಎಲ್ಲಾರೂ ಇಲ್ಲಿಗೇ ಬರಬೇಕು. ಮಂದಿ ಕೂಡಿದಲ್ಲಿ ಸಂತಿ, ಸಂತಿ ಇದ್ದಲ್ಲಿ ಸುಂಕ. ಸುಂಕ ಎತ್ತಿದಾಂವ ರಾಜ ಆದ, ಅಷ್ಟರಿ.”

ಅವರು ಬೆರಳಿಟ್ಟಲ್ಲಿ ಚಹಾದ ಕಲೆ ಬಿತ್ತು. ಸಂಜೆ ಮುದ್ರಣಕ್ಕೆ ಹೋಗಬೇಕಿದ್ದ ನಕಾಶೆ ಅದು. ನಾನು ಸಿಟ್ಟಾಗುವ ಬದಲು, ಅವರು ಎದ್ದು ಹೋಗದಿರಲಿ ಎಂದು ಇನ್ನೆರಡು ಚಹಾ ಹೇಳಿದೆ. ಉಳಿದ ನದಿಗಳನ್ನೂ ಕೇಳಿದೆ, ಗೊತ್ತಿದ್ದವನ್ನೂ.

ನಕಾಶೆಯನ್ನು ಹೊಸದಾಗಿ ಬರೆದೆ. ತಡವಾಯಿತೆಂದು ಸಾಹೇಬರು ಗದರಿದರು, ಗೆರೆ ಬಾಗಿದ್ದನ್ನು ಯಾರೂ ಗಮನಿಸಲಿಲ್ಲ. ವಾರವಿಡೀ ಅದೇ ಹೋಟೆಲಿಗೆ ಹೋದೆ, ಅವರು ಬರಲಿಲ್ಲ. ಎರಡು ಸಾವಿರ ವರ್ಷದ ಹಿಂದಿನ ದಾರಿಗಳನ್ನೆಲ್ಲ ವಿಚಾರಿಸಿದ ನಾನು, ಅವರ ಮನೆ ಎಲ್ಲಿ ಎಂದು ಮಾತ್ರ ಕೇಳಿರಲಿಲ್ಲ.