ಮ್ಯೂಸಿಯಮ್ಮಿನ ರಾಗಿಕಲ್ಲು

ಮ್ಯೂಸಿಯಂ ಅಂದರೆ ನನಗೆ ಅಷ್ಟಕ್ಕಷ್ಟೆ. ಕೆಲಸ ಬಿಟ್ಟ ಸಾಮಾನುಗಳನ್ನು ಗಾಜಿನೊಳಗಿಟ್ಟು ಟಿಕೆಟ್ ಹಾಕುತ್ತಾರೆ. ಕೆಲಸ ಬಿಟ್ಟ ಮನುಷ್ಯರಾದರೆ ನಮ್ಮ ಮಾಲೂರು ಸ್ಟೇಷನ್ನಿನ ಕಟ್ಟೆಯ ಮೇಲೆ ಪುಕ್ಕಟೆ ಸಿಗುತ್ತಾರೆ. ನಾನು ಏಳನೇ ಕ್ಲಾಸಿಗೇ ಓದು ಬಿಟ್ಟವನು, ಇಟ್ಟಿಗೆ ಲಾರಿ ಓಡಿಸುತ್ತೇನೆ. ಬೋರ್ಡು ಓದುವುದಕ್ಕೂ ಬೇಜಾರು.

ಆದರೂ ಒಂದಕ್ಕೆ ಹೋಗಿದ್ದೆ. ಅಕ್ಕನನ್ನು ಹೆರಿಗೆಗೆ ಕರೆತರಲು ಅಮ್ಮನೂ ನಾನೂ ಕರಾವಳಿಯ ಒಂದು ಸಣ್ಣ ಊರಿಗೆ ಹೋಗಿದ್ದೆವು. ಭಾವನಿಗೆ ಅಲ್ಲಿನ ಬಂದರಿನಲ್ಲಿ ಕೆಲಸ. ವಾಪಸ್ಸು ಹೊರಟಾಗ ಬಸ್ಸಿಗೆ ಇನ್ನೂ ಹೊತ್ತಿತ್ತು. ಸ್ಟ್ಯಾಂಡಿನಲ್ಲಿ ಸೆಕೆ, ಎದುರಿನ ಮ್ಯೂಸಿಯಮ್ಮಿನಲ್ಲಿ ಫ್ಯಾನು.

ಒಳಗೆ ತಿಮಿಂಗಿಲದ ಬೆನ್ನುಮೂಳೆಯ ಒಂದು ತುಂಡು. ಕೂರಲು ಒಳ್ಳೆ ಸ್ಟೂಲಿನ ಹಾಗಿತ್ತು. ಸೀಸೆಯೊಳಗೊಂದು ಹಡಗು. ಅದನ್ನು ಒಳಗೆ ತೂರಿಸಿದವನಿಗೆ ಮನೆಯಲ್ಲಿ ಯಾರೂ ಕೆಲಸ ಹೇಳುತ್ತಿರಲಿಲ್ಲ ಅಂತ ಕಾಣುತ್ತದೆ. ಸಮುದ್ರದಲ್ಲಿ ಮುಳುಗುವವರ ಹಿತ್ತಾಳೆ ಟೋಪಿ, ನಮ್ಮ ಹೋಟೆಲುಗಳ ಕಾಫಿ ಬಾಯ್ಲರಿನ ತಮ್ಮನಂತಿತ್ತು. ದಿಕ್ಕು ತೋರಿಸುವ ಯಂತ್ರ ಗೋಡೆ ತೋರಿಸುತ್ತ ಕೂತಿತ್ತು. ಮೂಲೆಯಲ್ಲಿ ಒಂದು ರಾಗಿಕಲ್ಲು.

ಅದನ್ನು ಕಂಡಿದ್ದೇ ಅಕ್ಕ, ತವರಿನವರು ಯಾರೋ ಸಿಕ್ಕಂತೆ, ಪಕ್ಕದಲ್ಲಿ ಕೂತುಬಿಟ್ಟಳು. ಗೂಟ ಹಿಡಿದು ಗರಗರ ಎಂದು ಒಂದು ಸುತ್ತು ತಿರುಗಿಸಿದಳು.

"ಕೈ ತಗೀ ಕಣೇ! ಬರೀ ಕಲ್ಲು ತಿರುಗಿಸ್ತಾರೇನೇ, ಅದೂ ಬಸುರಿ!" ಅಮ್ಮ ಕಿರುಚಿದಳು. ಹೆದರಿದರೆ ಅಮ್ಮನಿಗೆ ತೆಲುಗು ಬರುತ್ತದೆ. "ಅಯ್ಯೋ ದೇವುಡಾ!"

ನಮ್ಮ ಮನೆಗಳಲ್ಲಿ ಕಾಳು ಹಾಕದೆ ರಾಗಿಕಲ್ಲು ತಿರುಗಿಸುವುದಿಲ್ಲ. ತಿರುಗಿಸಿದರೆ ಮನೆ ಬರಿದಾಗುತ್ತದಂತೆ. ಬಸುರಿ ತಿರುಗಿಸಿದರೆ ಮಡಿಲು. ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ. ಆದರೆ ಹೋದ ವರ್ಷ ಅಕ್ಕನ ಬಸಿರು ನಿಂತಿರಲಿಲ್ಲ. ಅವಳ ಮುಖ ಸುಣ್ಣದಂತಾಯಿತು. ಅಂಥ ಹೊತ್ತಿನಲ್ಲಿ ಮೂಢನಂಬಿಕೆ ಅಂತ ಭಾಷಣ ಮಾಡಲು ನಾನೇನು ಓದಿದವನೇ?

ಅಮ್ಮ ಚೀಲಕ್ಕೆ ಕೈ ಹಾಕಿದಳು. ಅಕ್ಕನ ಮನೆಯಲ್ಲಿ ಉಳಿದಿದ್ದ ರಾಗಿಯನ್ನು ಬಿಟ್ಟುಬರಲು ಮನಸ್ಸಾಗದೆ ಕಟ್ಟಿಕೊಂಡಿದ್ದಳು. ಒಂದು ಹಿಡಿ ಕಲ್ಲಿನ ಬಾಯಿಗೆ ಸುರಿದು, "ಹಿಡ್ಕೋ" ಎಂದಳು. ಇಬ್ಬರೂ ಎದುರುಬದುರು ಕೂತು ಬೀಸತೊಡಗಿದರು.

ಕಾವಲಿನವನು ಓಡಿ ಬಂದ. "ಎಂತ ಮಾಡುದಮ್ಮ ನೀವು? ಮುಟ್ಟಬಾರದು ಅಂತ ಬೋರ್ಡು ಕಾಣುದಿಲ್ವಾ?"

"ಖಾಲಿ ತಿರುಗಿಸ್ಬಿಟ್ಲಪ್ಪಾ, ಬಸುರಿ ಹುಡುಗಿ. ಈ ಒಂದು ಹಿಡಿ ಬೀಸಿ ಎದ್ದೋಗ್ತೀವಿ."

ಅವನು ಅಕ್ಕನ ಹೊಟ್ಟೆ ನೋಡಿದ, ಮುಖ ನೋಡಿದ. "ಬೇಗ ಮುಗಿಸಿ ಮಾರಾಯ್ರೆ, ಸಾಹೇಬ್ರು ಊಟಕ್ಕೆ ಹೋಗಿದ್ದಾರೆ" ಎಂದು ಬಾಗಿಲಿಗೆ ಅಡ್ಡ ನಿಂತ. ಆಮೇಲೆ ಸಮಾಧಾನಕ್ಕೆಂದು, "ಇಲ್ಲಿ ಶಾಲೆ ಮಕ್ಕಳು ದಿನಾ ಖಾಲಿಯೇ ತಿರುಗಿಸ್ತಾರೆ" ಎಂದ.

ಅಮ್ಮನಿಗೆ ಸಮಾಧಾನವಾಗುವ ಬದಲು ಗಾಬರಿಯೇ ಹೆಚ್ಚಿತು. ಹಿಟ್ಟನ್ನು ಸೆರಗಿಗೆ ಕಟ್ಟಿಕೊಂಡು ಏಳುವಾಗ, ಇನ್ನು ಯಾರು ತಿರುಗಿಸಿದರೂ ಖಾಲಿ ತಿರುಗದಂತೆ, ಮತ್ತೊಂದು ಹಿಡಿ ರಾಗಿಯನ್ನು ಕಲ್ಲಿನ ಬಾಯಿಗೆ ತುಂಬಿದಳು.

"ಅಯ್ಯೋ, ಇಲಿ ಬರ್ತದೆ ಅಮ್ಮಾ!"

"ಬರ್ಲಿ ಬಿಡಪ್ಪಾ. ಇಲಿಗೂ ಬಸಿರು ಬಾಣಂತನ ಇರಲ್ವಾ?"

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಾವಲಿನವನು ಪೊರಕೆ ತಂದ, ನೆಲವನ್ನಷ್ಟೇ ಗುಡಿಸಿದ.